ಊರ ಬಾಗಿಲಲ್ಲೇ ಐಐಐಟಿ. ಊರ ಮಕ್ಕಳಿಗೆ ಎಷ್ಟು ದೂರ?

ಎಲೆಕ್ಟ್ರಾನಿಕ್ ಸಿಟಿ: ಅದು ಕಂಪನಿಯೋ, ಕಾಲೇಜೋ?

ಹೊಸೂರು ರಸ್ತೆ ಬಿಟ್ಟು ಎಲೆಕ್ಟ್ರಾನಿಕ್ ಸಿಟಿಯ ಒಳಕ್ಕೆ ಹೊಕ್ಕ ಹೊಸಬರಿಗೆ ಈ ಗುಮಾನಿ ಬಂದರೆ ತಪ್ಪೇನಿಲ್ಲ. ಸುತ್ತಲೂ ಕಂಪನಿ, ನಡುವೆ ಕಾಲೇಜು. ಕಾಂಪೌಂಡು, ಗೇಟು, ಕಾವಲು ಎಲ್ಲಾ ಒಂದೇ ಥರ!

ಆದರೆ ಇದು ಕಾಲೇಜೇ. ಬರೀ ಕಾಲೇಜಲ್ಲ, ವಿಶ್ವವಿದ್ಯಾನಿಲಯದ ದರ್ಜೆ ಪಡೆದದ್ದು. ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎಂಬುದು ಪೂರ್ತಿ ಹೆಸರು. ಜನರ ಬಾಯಲ್ಲಿ ಐಐಐಟಿ.

ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆ ಬುನಾದಿ ಹಾಕಿದ್ದು 1978ರಲ್ಲಿ. ಅದು ಆರ್.ಕೆ. ಬಾಳಿಗರ ಕನಸು. ಕಂಪನಿಗಳೇನೋ ಬಂದವು, ಅವಕ್ಕೆ ಬೇಕಾದ ಉನ್ನತ ವಿದ್ಯೆ ಕೊಡುವವರಾರು? ರಾಜ್ಯ ಸರ್ಕಾರವೂ ಉದ್ಯಮಿಗಳೂ ಕೈಜೋಡಿಸಿ 1999ರಲ್ಲಿ ಐಐಐಟಿ ತೆರೆದರು. ಮೊದಲ ಬಿಡಾರ ವೈಟ್‌ಫೀಲ್ಡಿನ ಐಟಿಪಿಎಲ್. 2003ರಲ್ಲಿ ಸ್ವಂತ ಜಾಗಕ್ಕೆ, ಇಲ್ಲಿಗೆ ಬಂತು.

ಇಲ್ಲಿನ ಕೆಲಸ ಸಣ್ಣದಲ್ಲ. ದೇಶದ ಪ್ರಜೆಗಳಿಗೆ ಗುರುತಿನ ಸಂಖ್ಯೆ ಕೊಡಲು ಬೇಕಾದ ‘ಮೋಸಿಪ್’ ತಂತ್ರಾಂಶದ ಕೆಲಸ 2018ರಲ್ಲಿ ಶುರುವಾದದ್ದು ಇದೇ ಆವರಣದಲ್ಲಿ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಫಿಲಿಪೈನ್ಸ್, ಮೊರಾಕ್ಕೊ, ಇಥಿಯೋಪಿಯ ದೇಶಗಳು ಬಳಸಿಕೊಂಡಿವೆ.

ಇಥಿಯೋಪಿಯಕ್ಕೆ ತಲುಪಿದ ವಿದ್ಯೆ ದೊಡ್ಡತೋಗೂರಿಗೆ ತಲುಪೀತೇ?

ಇಲ್ಲೇ ಇದೆ ತೊಡಕು. ಪಿಯುಸಿ ಮುಗಿಸಿದವರು ಸಿಇಟಿ ಬರೆದರೆ ಇಲ್ಲಿ ಸೀಟಿಲ್ಲ. ಬೇಕಾದದ್ದು ಜೆಇಇ ಮೇನ್ ಅಂಕ. ಎಂಜಿನಿಯರಿಂಗ್ ಮುಗಿಸಿ ಎಂ.ಟೆಕ್‌ಗೆ ಬರುವವರಿಗೆ ಗೇಟ್ ಪರೀಕ್ಷೆ. ಶುಲ್ಕವೋ, ಲಕ್ಷಗಳ ಲೆಕ್ಕ. ಕೋಚಿಂಗಿಗೆ ದುಡ್ಡಿರುವವರ ಮಕ್ಕಳು ಮುಂದೆ, ಗಾರ್ಮೆಂಟ್ಸ್ ತಾಯಿಯ ಮಕ್ಕಳು ಹಿಂದೆ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. 2021ರಿಂದ ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತಿದೆ. ಕರ್ನಾಟಕದ ಕೇಂದ್ರಗಳಲ್ಲಿ ಬರೆಯುವವರು ಅರ್ಜಿ ತುಂಬುವಾಗಲೇ ಭಾಷೆ ಕನ್ನಡ ಎಂದು ಗುರುತು ಹಾಕಬೇಕು. ಆಮೇಲೆ ಬದಲಾಯಿಸ್ತೀನಿ ಅಂದರೆ ಆಗದು. ಈ ಸಂಗತಿ ಎಷ್ಟು ಮನೆಗಳಿಗೆ ಗೊತ್ತು? ಒಳಗೆ ಪಾಠ ಇಂಗ್ಲಿಷಿನಲ್ಲೇ, ನಿಜ. ಆದರೂ ಹೊಸ್ತಿಲು ದಾಟಲು ಕನ್ನಡ ಸಾಕು ಎಂದಾದದ್ದು ಸಣ್ಣ ಮಾತಲ್ಲ.

2025ರ ಆಗಸ್ಟಿನಿಂದ ಹಳದಿ ಮೆಟ್ರೊ ಓಡುತ್ತಿದೆ. ದೂರದವರಿಗೆ ಎಲೆಕ್ಟ್ರಾನಿಕ್ ಸಿಟಿ ಹತ್ತಿರವಾಯಿತು. ಗೇಟಿನಾಚೆಯ ಹುಡುಗ ಹುಡುಗಿಯರಿಗೂ ಹತ್ತಿರವಾಗಬೇಕಾದರೆ ಹೈಸ್ಕೂಲಿನಲ್ಲೇ ಮೇಷ್ಟರು ಈ ಮಾತು ಕಿವಿಗೆ ಹಾಕಬೇಕು. ಪಿಯುಸಿ ಮುಗಿದ ಮೇಲೆ ಹೇಳಿ ಏನು ಬಂತು?