ಹೊಸ ಫ್ರಿಜ್, ಸ್ಟವ್ ಮೇಲಿನ ಪ್ಲಾಸ್ಟಿಕ್ ಹಾಳೆ: ತೆಗೆಯಬೇಕೋ, ಬಿಡಬೇಕೋ?

ಹೊಸ ಫ್ರಿಜ್, ಸ್ಟೀಲ್ ಸಿಂಕ್ ಅಥವಾ ಗ್ಯಾಸ್ ಸ್ಟವ್ ಮನೆಗೆ ಬಂದಾಗ ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. 'ಅದನ್ನು ತೆಗೆಯಬೇಡಿ, ಹಾಳೆ ಇದ್ದರೆ ತುಕ್ಕು ಹಿಡಿಯಲ್ಲ' ಎಂದು ಹಲವರು ಸಲಹೆ ಕೊಡುತ್ತಾರೆ. ಇದು ನಿಜವೇ?

ಇಲ್ಲ. ಆ ಹಾಳೆಯ ಕೆಲಸ ಕಾರ್ಖಾನೆಯಿಂದ ನಿಮ್ಮ ಮನೆಯವರೆಗೆ ಮಾತ್ರ.

ಹಾಳೆ ಯಾಕೆ ಹಾಕುತ್ತಾರೆ?

ಲೋಹದ ತಗಡನ್ನು ಕತ್ತರಿಸುವಾಗ, ಬಗ್ಗಿಸುವಾಗ, ಲಾರಿಯಲ್ಲಿ ಸಾಗಿಸುವಾಗ ಗೀರು ಬೀಳುತ್ತದೆ. ಅದನ್ನು ತಪ್ಪಿಸಲು ಸಾಮಾನ್ಯವಾಗಿ ಪಾಲಿಥೀನ್ ಹಾಳೆಯನ್ನು ಹಗುರವಾದ ಅಂಟಿನಿಂದ ಅಂಟಿಸುತ್ತಾರೆ. ಇದರ ದಪ್ಪ ಹೆಚ್ಚಾಗಿ 0.1 ಮಿಲಿಮೀಟರ್‌ಗಿಂತ ಕಡಿಮೆ. ಡ್ರಿಲ್ ಬಿಟ್‌ನಂತಹ ಹರಿತವಾದ ಉಪಕರಣಗಳನ್ನು ಕರಗಿದ ಪ್ಲಾಸ್ಟಿಕ್‌ನಲ್ಲಿ ಅದ್ದುವುದೂ ಉಂಟು. ಆರಿದ ಮೇಲೆ ಅದನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯಬಹುದು. ಎರಡೂ ತಾತ್ಕಾಲಿಕ.

ಬಿಟ್ಟರೆ ಏನಾಗುತ್ತದೆ?

*ಅಂಟು ಕಚ್ಚಿಕೊಳ್ಳುತ್ತದೆ:* ಬಿಸಿಲು, ಶಾಖ ತಾಗಿ ಅಂಟು ಗಟ್ಟಿಯಾಗುತ್ತದೆ, ಹಾಳೆ ಪುಡಿಪುಡಿಯಾಗುತ್ತದೆ. ಮುಂದೆ ತೆಗೆಯಲು ಹೋದರೆ ಚೂರುಚೂರಾಗಿ ಬಂದು ಕಲೆ ಉಳಿಯುತ್ತದೆ.

*ತುಕ್ಕಿಗೇ ದಾರಿಯಾಗಬಹುದು:* ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕನಿಷ್ಠ 10.5% ಕ್ರೋಮಿಯಂ ಇರುತ್ತದೆ. ಅದು ಗಾಳಿಯಲ್ಲಿನ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದ ರಕ್ಷಣಾ ಪದರ ಕಟ್ಟುತ್ತದೆ. ಗೀರು ಬಿದ್ದರೂ ಆ ಪದರ ತಾನಾಗಿಯೇ ಮತ್ತೆ ಬೆಳೆಯುತ್ತದೆ. ಆದರೆ ಅಂಚು ಬಿಟ್ಟ ಹಾಳೆಯ ಅಡಿಗೆ ನೀರು, ಉಪ್ಪು ಸೇರಿದರೆ ಅಲ್ಲಿ ಗಾಳಿಯಾಡುವುದಿಲ್ಲ, ಪದರ ದುರ್ಬಲವಾಗುತ್ತದೆ. ಕರಾವಳಿಯ ಉಪ್ಪು ಗಾಳಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು.

*ಬೆಂಕಿಯ ಹತ್ತಿರ ಅಪಾಯ:* ಪಾಲಿಥೀನ್ ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಹೊತ್ತಿ ಉರಿಯಲೂಬಹುದು. ಸ್ಟವ್, ಓವನ್, ಚಿಮಣಿ ಮೇಲಿನ ಹಾಳೆಯನ್ನು ಮೊದಲ ಬಾರಿ ಬಳಸುವ ಮುನ್ನವೇ ತೆಗೆಯಿರಿ.

ತೆಗೆಯುವುದು ಹೇಗೆ?

• ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ನಿಧಾನವಾಗಿ ಎಳೆಯಿರಿ. ಬ್ಲೇಡ್, ಚಾಕು ಬೇಡ.
• ಬಿಗಿಯಾಗಿದ್ದರೆ ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ. ಅಂಟು ಮೆತ್ತಗಾಗುತ್ತದೆ.
• ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮೆತ್ತನೆಯ ಬಟ್ಟೆಯಿಂದ ಒರೆಸಿ. ನಂತರ ಸೋಪು ನೀರಿನಿಂದ ಸ್ವಚ್ಛ ಮಾಡಿ.
• ಸ್ಟೀಲ್ ನಾರಿನಿಂದ ಉಜ್ಜಬೇಡಿ. ಪೆಟ್ರೋಲ್, ಥಿನ್ನರ್ ಅಡುಗೆಮನೆಗೆ ತರಲೇಬೇಡಿ.
• ಎಚ್ಚರಿಕೆ ಬರೆದಿರುವ ಲೇಬಲ್‌ಗಳನ್ನು ಮಾತ್ರ ಹಾಗೆಯೇ ಬಿಡಿ.

ಮನೆ ಕಟ್ಟಿಸುತ್ತಿದ್ದೀರಾ? ಅಲ್ಯೂಮಿನಿಯಂ ಕಿಟಕಿಯ ಹಾಳೆಯನ್ನು ಗಾರೆ, ಪೇಂಟ್ ಕೆಲಸ ಮುಗಿದ ಕೂಡಲೇ ತೆಗೆಸಿ. ಗೃಹಪ್ರವೇಶ ದೂರವಿದೆ ಎಂದು ತಿಂಗಳುಗಟ್ಟಲೆ ಬಿಸಿಲಿಗೆ ಬಿಟ್ಟರೆ ಕಷ್ಟ ನಿಮಗೇ.

ಒಟ್ಟಿನಲ್ಲಿ: 'ಹಾಳೆ ಬಿಟ್ಟರೆ ವಸ್ತು ಬಾಳಿಕೆ ಬರುತ್ತದೆ' ಎಂಬ ಮಾತು ತಪ್ಪು. ಮನೆಯವರ ಗ್ರೂಪ್‌ಗೆ ಇದನ್ನು ಕಳಿಸುವ ಮುನ್ನ ನಿಮ್ಮ ಸ್ಟವ್ ಒಮ್ಮೆ ನೋಡಿಬಿಡಿ.