ಅಪ್ಪನ ಚಿತ್ರಕ್ಕೆ ಸಾಕ್ಷಿಯಾದ ನಕಲುಗಾರ

ಫ್ಲೆಮಿಶ್ ಚಿತ್ರಕಲೆಯಲ್ಲಿ ಬ್ರೂಗಲ್ ಎಂದರೆ ಯಾವ ಬ್ರೂಗಲ್ ಎಂದು ಕೇಳಲೇಬೇಕು. ನಾಲ್ಕು ತಲೆಮಾರು ಇದೇ ಹೆಸರಿನಲ್ಲಿ ಕುಂಚ ಹಿಡಿದಿದೆ. ಮೂಲಪುರುಷ ಹಿರಿಯ ಪೀಟರ್ ಬ್ರೂಗಲ್. ಆತನ ವರ್ಣಚಿತ್ರಗಳಲ್ಲಿ ಉಳಿದಿರುವುದು ಸುಮಾರು 40. ವಿಯೆನ್ನಾದ ಮ್ಯೂಸಿಯಂ ಒಂದರಲ್ಲೇ 12 ಇವೆ.

1569ರಲ್ಲಿ ಆತ ತೀರಿಕೊಂಡಾಗ ಹಿರಿಮಗ ಪೀಟರ್‌ಗೆ ಐದರ ಆಸುಪಾಸು, ಕಿರಿಯವ ಯಾನ್ ಇನ್ನೂ ಕೈಗೂಸು. ಅಪ್ಪನಿಂದ ಕಲಿಯುವ ಯೋಗ ಇಬ್ಬರಿಗೂ ಇರಲಿಲ್ಲ. ಯಾನ್‌ಗೆ ಕಲಿಸಿದ್ದು ತಾಯಿಯ ತಾಯಿ ಮೇಕೆನ್ ವರ್ಹುಲ್ಸ್ಟ್ ಎನ್ನುತ್ತದೆ ಕರೆಲ್ ವಾನ್ ಮಾಂಡರ್ 1604ರಲ್ಲಿ ಬರೆದ ಚರಿತ್ರೆ. ಆಕೆ ಸ್ವತಃ ಹೆಸರಾಂತ ಕಲಾವಿದೆ. ಆದರೂ ಆಕೆಯದೇ ಎಂದು ಖಚಿತವಾಗಿ ಹೇಳಬಹುದಾದ ಒಂದು ಚಿತ್ರವೂ ಇಂದು ನಮಗೆ ಸಿಕ್ಕಿಲ್ಲ!

ಯಾನ್ ಮುಂದೆ ಹೂವಿನ ಚಿತ್ರಗಳಿಂದ ಮೆರೆದ. ಚಿತ್ರಕಾರ ರೂಬೆನ್ಸ್ ಜೊತೆಗೂಡಿ ಬರೆದ ಪಂಚೇಂದ್ರಿಯಗಳ ಚಿತ್ರಮಾಲೆ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ಅಣ್ಣನ ಪಾಲಿಗೆ ಬಂದದ್ದು ಮಾತ್ರ 'ನಕಲುಗಾರ' ಎಂಬ ಹಣೆಪಟ್ಟಿ.

ಅದು ಸುಳ್ಳೇನಲ್ಲ. ಆಂಟ್‌ವರ್ಪ್‌ನ ಅವನ ಕಾರ್ಯಾಗಾರದಲ್ಲಿ ಅಪ್ಪನ ಚಿತ್ರಗಳ ಪ್ರತಿಗಳು ಒಂದರ ಹಿಂದೊಂದು ತಯಾರಾಗುತ್ತಿದ್ದವು. ರೇಖೆಗುಂಟ ಸೂಜಿಯಿಂದ ಚುಚ್ಚಿದ ಕಾಗದವನ್ನು ಹಲಗೆಯ ಮೇಲಿಟ್ಟು ಇದ್ದಿಲಪುಡಿ ತಟ್ಟಿದರೆ ಚುಕ್ಕಿಗಳು ಮೂಡುತ್ತವೆ, ನಮ್ಮ ರಂಗೋಲಿ ಅಚ್ಚಿನ ಹಾಗೆಯೇ. ಆಮೇಲೆ ಚುಕ್ಕಿ ಸೇರಿಸಿ ಬಣ್ಣ ತುಂಬುವುದು.

ಆದರೆ 'ಶಿಶುಗಳ ಹತ್ಯೆ'ಯ ಕತೆ ಕೇಳಿ. ಬೆತ್ಲೆಹೇಮಿನ ಹಸುಳೆಗಳನ್ನು ಹೆರೋದ ರಾಜ ಕೊಲ್ಲಿಸಿದ ಬೈಬಲ್ ಪ್ರಸಂಗವನ್ನು ಅಪ್ಪ ಹಿಮ ಬಿದ್ದ ಫ್ಲೆಮಿಶ್ ಹಳ್ಳಿಯಲ್ಲಿ ನಡೆಸಿದ್ದ. ಆ ಚಿತ್ರ ಪವಿತ್ರ ರೋಮನ್ ಚಕ್ರವರ್ತಿ ಎರಡನೇ ರುಡಾಲ್ಫನ ಕೈ ಸೇರಿತು. ಕಣ್ಣೆದುರಿನ ಕ್ರೌರ್ಯ ಆಸ್ಥಾನಕ್ಕೆ ಸಹ್ಯವಾಗಲಿಲ್ಲವೇನೋ, ಕೂಸುಗಳ ಮೇಲೆಲ್ಲ ಬಣ್ಣ ಬಳಿಯಲಾಯಿತು. ಮಗುವಿದ್ದಲ್ಲಿ ಬಟ್ಟೆಗಂಟು, ಪ್ರಾಣಿ, ಪಕ್ಷಿ ಬಂದವು. ಸತ್ತ ಕಂದಮ್ಮಗಳ ಮುಂದೆ ಗೋಳಿಡುತ್ತಿದ್ದ ಹೆಂಗಸು ಮಾಂಸ, ಚೀಸ್ ಮುಂದಿಟ್ಟುಕೊಂಡು ಅಳುವಂತಾಯಿತು. ಕೊಲೆ ಹೋಗಿ ಕೊಳ್ಳೆಯಾಯಿತು. ಅಪ್ಪ ಬರೆದದ್ದೇನು ಎಂದು ಕಣ್ಣಾರೆ ಕಾಣಬೇಕೆಂದರೆ ಆ ನಕಲುಗಾರನ ಪ್ರತಿಗಳನ್ನೇ ನೋಡಬೇಕು. ಅಲ್ಲಿ ಮಕ್ಕಳು ಮಕ್ಕಳಾಗಿಯೇ ಇದ್ದಾರೆ.

ಮೂಲಚಿತ್ರ ಈಗ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ, ಮಗನ ಪ್ರತಿಯೊಂದು ವಿಯೆನ್ನಾದಲ್ಲಿದೆ. ಎರಡರ ಚಿತ್ರಗಳೂ ಅಂತರ್ಜಾಲದಲ್ಲಿ ಸಿಗುತ್ತವೆ. ಅಕ್ಕಪಕ್ಕ ಇಟ್ಟು ಒಮ್ಮೆ ನೋಡಿ.