ಮಹಡಿಮನೆಯಲ್ಲಿ ನಾಯಿ: ಸಿಂಗಪುರದ ನಿಯಮಗಳು

ಮಹಾಪ್ರಸ್ಥಾನದ ಕೊನೆಯಲ್ಲಿ ಧರ್ಮರಾಯನು ಸ್ವರ್ಗದ ಬಾಗಿಲಿಗೆ ಬಂದಾಗ, ನಾಯಿಯುಳ್ಳವರಿಗೆ ಇಲ್ಲಿ ಸ್ಥಳವಿಲ್ಲವೆಂದು ಇಂದ್ರನು ತಡೆದ ಕಥೆ ನಿಮಗೆಲ್ಲ ತಿಳಿದದ್ದೇ. ನಂಬಿ ಬಂದ ಪ್ರಾಣಿಯನ್ನು ಬಿಟ್ಟು ಒಳಗೆ ಬರಲಾರೆನೆಂದು ಧರ್ಮರಾಯನೂ ಹಟ ಹಿಡಿದನು. ಒಂದು ಕಡೆ ವಸತಿಯ ಕಟ್ಟುಪಾಡು, ಇನ್ನೊಂದು ಕಡೆ ಆಶ್ರಯಿಸಿದ ಪ್ರಾಣಿಯ ಹಕ್ಕು; ಈ ವ್ಯಾಜ್ಯ ಇಂದು ಬಹುಮಹಡಿ ಕಟ್ಟಡಗಳ ಮೆಟ್ಟಿಲುಗಳ ಮೇಲೆ ದಿನವೂ ನಡೆಯುತ್ತಿದೆ. ಸರಕಾರವೇ ಜನರಿಗೆ ಮನೆ ಕಟ್ಟಿಕೊಡುವ ಸಿಂಗಪುರದಲ್ಲಿ ಇದಕ್ಕೆ ಯಾವ ಪರಿಹಾರ ಕಂಡುಕೊಂಡಿದ್ದಾರೆಂಬುದನ್ನು ನೋಡೋಣ. ನಮ್ಮವರ ಮಕ್ಕಳು ಎಷ್ಟೋ ಮಂದಿ ಉದ್ಯೋಗಕ್ಕಾಗಿ ಅಲ್ಲಿ ನೆಲೆಸಿರುವುದರಿಂದ ವಿಷಯ ನಮಗೆ ತೀರ ದೂರದ್ದೇನೂ ಅಲ್ಲ.

ಅಲ್ಲಿಯ ವಸತಿ ಮತ್ತು ಅಭಿವೃದ್ಧಿ ಮಂಡಲಿ 1960ರಲ್ಲಿ ಸ್ಥಾಪಿತವಾಯಿತು. ಇಂದು ನಿವಾಸಿಗಳಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಮಂಡಲಿಯ ಮನೆಗಳಲ್ಲಿಯೇ ಇದ್ದಾರೆ. ಮನೆಯನ್ನು ಕೊಂಡವರಿಗೂ ದೊರೆಯುವುದು 99 ವರ್ಷಗಳ ಗುತ್ತಿಗೆಯ ಹಕ್ಕು. ಆದಕಾರಣ ಮಂಡಲಿ ಮಾಡಿದ ನಿಯಮ ಬಹುಪಾಲು ನಾಡಿನ ನಿಯಮವೇ ಆಗುತ್ತದೆ.

ನಾಯಿಯ ವಿಷಯದಲ್ಲಿ ಆ ನಿಯಮ ಇಷ್ಟು: ಒಂದು ಮನೆಗೆ ಒಂದೇ ನಾಯಿ, ಅದೂ ಮಂಡಲಿ ಒಪ್ಪಿದ ಪಟ್ಟಿಯಲ್ಲಿರುವ ತಳಿಯದಾಗಿರಬೇಕು. ಪಟ್ಟಿಯಲ್ಲಿ ಪೊಮೆರೇನಿಯನ್, ಪಗ್, ಚಿವಾವಾ ಮೊದಲಾದ ಚಿಕ್ಕ ತಳಿಗಳಿವೆ. ಲ್ಯಾಬ್ರಡಾರ್, ಆಲ್ಸೇಷಿಯನ್‌ಗಳಂಥ ದೊಡ್ಡವು ಇಲ್ಲ. ಕುರುಡರಿಗೆ ದಾರಿ ತೋರುವ ನಾಯಿಗೆ ವಿನಾಯಿತಿ ಉಂಟು. ಮೂರು ತಿಂಗಳು ದಾಟಿದ ನಾಯಿಗೆ ಪರವಾನಗಿ ಬೇಕು. ಅಕ್ಕಿಕಾಳಿನಷ್ಟು ಸಣ್ಣದಾದ ಮೈಕ್ರೋಚಿಪ್ಪನ್ನು ಅದರ ಚರ್ಮದ ಕೆಳಗೆ ಸೇರಿಸುತ್ತಾರೆ. ಉಪಕರಣವನ್ನು ಹಿಡಿದೊಡನೆ ಸಂಖ್ಯೆ ಕಾಣುತ್ತದೆ, ಸಂಖ್ಯೆಯಿಂದ ಒಡೆಯನು ಯಾರೆಂದು ತಿಳಿಯುತ್ತದೆ. ಸಂತಾನಹರಣ ಚಿಕಿತ್ಸೆಯಾದ ನಾಯಿಗೆ ಶುಲ್ಕ ಕಡಿಮೆ. ಮಂಡಲಿಯ ನಿಯಮ ಮುರಿದವರಿಗೆ 4,000 ಸಿಂಗಪುರ ಡಾಲರುಗಳವರೆಗೆ ದಂಡ ಬೀಳಬಹುದು.

ಇಷ್ಟು ಬಿಗಿ ಏತಕ್ಕೆಂದು ನೀವು ಕೇಳಬಹುದು. ಒಬ್ಬರ ಛಾವಣಿ ಇನ್ನೊಬ್ಬರ ನೆಲ. ನಡುರಾತ್ರಿಯ ಬೊಗಳು ಗೋಡೆ ದಾಟಿ ಹೋಗುತ್ತದೆ. ಕಿರಿದಾದ ಲಿಫ್ಟಿನಲ್ಲಿ ನಾಯಿಗೆ ಅಂಜುವ ಮಗುವೂ, ಕಾಲು ನಿಲ್ಲದ ಮುದುಕರೂ ಇರುತ್ತಾರೆ. ಆಚಾರದ ಕಾರಣದಿಂದ ನಾಯಿಯ ಸ್ಪರ್ಶವನ್ನು ಬಯಸದವರೂ ಅಲ್ಲಿ ಪಕ್ಕದ ಮನೆಯವರೇ. ಇವರೆಲ್ಲರ ನೆಮ್ಮದಿಯನ್ನು ಕಾಯಬೇಕಾದಾಗ ಅಧಿಕಾರಿಗಳಿಗೆ ಸುಲಭವಾಗಿ ಕೈಗೆ ಸಿಗುವುದು ಅಳತೆಗೋಲು.

ಆದರೆ ಅಳತೆಗೋಲಿಗೆ ಸ್ವಭಾವ ತಿಳಿಯದು. ಚಿಕ್ಕ ನಾಯಿ ದಿನವಿಡೀ ಕಿರಿಚಬಹುದು. ದೊಡ್ಡದು ಬಾಗಿಲ ಬಳಿ ಸದ್ದಿಲ್ಲದೆ ಮಲಗಿರಬಹುದು. ಅದೂ ಅಲ್ಲದೆ, ಊರಿನಲ್ಲಿಯೇ ಹುಟ್ಟಿ ಬೆಳೆದ ಬೆರಕೆ ನಾಯಿಗೆ ತಳಿಯ ಹೆಸರೇ ಇಲ್ಲದ ಮೇಲೆ ಪಟ್ಟಿಯಲ್ಲಿ ಜಾಗವೆಲ್ಲಿ? ಯಾರ ದಾಕ್ಷಿಣ್ಯ ಹೆಚ್ಚು ಬೇಕಾಗಿತ್ತೋ ಆ ಬೀದಿನಾಯಿಗೇ ಬಾಗಿಲು ಮುಚ್ಚಿದಂತಾಯಿತು.

ಈ ಕೊರತೆಯನ್ನು ಅಲ್ಲಿಯವರೇ ಕಂಡುಕೊಂಡರು. 2012ರಲ್ಲಿ ಪ್ರಾಣಿಕಲ್ಯಾಣ ಸಂಘಗಳ ಜೊತೆಗೂಡಿ ‘ಪ್ರಾಜೆಕ್ಟ್ ಅಡೋರ್’ ಎಂಬ ಯೋಜನೆಯನ್ನು ಪ್ರಯೋಗಾರ್ಥವಾಗಿ ಆರಂಭಿಸಿ, ಸಂಘಗಳು ಆರಿಸಿಕೊಟ್ಟ ಬೆರಕೆ ನಾಯಿಗಳನ್ನು ಮಂಡಲಿಯ ಮನೆಗಳಲ್ಲಿ ಸಾಕಲು ಅವಕಾಶವಿತ್ತರು. ನಾಯಿಗೆ ಸಂತಾನಹರಣ ಚಿಕಿತ್ಸೆಯೂ ವಿಧೇಯತೆಯ ಶಿಕ್ಷಣವೂ ಆಗಿರಬೇಕೆಂಬುದು ಕರಾರು. ಮೊದಲು ಎತ್ತರ 50 ಸೆಂಟಿಮೀಟರು, ತೂಕ 15 ಕಿಲೋಗ್ರಾಂ ಮೀರಬಾರದೆಂದಿತ್ತು. 2020ರಲ್ಲಿ ಎತ್ತರವನ್ನು 55 ಸೆಂಟಿಮೀಟರಿಗೆ ಏರಿಸಿ ತೂಕದ ಮಿತಿಯನ್ನು ತೆಗೆದುಹಾಕಿದರು. ದಶಕಗಳ ಕಾಲ ನಿಷಿದ್ಧವಾಗಿದ್ದ ಬೆಕ್ಕಿಗೂ 2024ರ ಸೆಪ್ಟೆಂಬರ್ 1ರಿಂದ ಬಾಗಿಲು ತೆರೆಯಿತು; ಮನೆಗೆ ಎರಡು ಬೆಕ್ಕುಗಳವರೆಗೆ ಸಾಕಬಹುದು. ಅನುಭವದಿಂದ ನಿಯಮವೂ ಪಾಠ ಕಲಿಯಿತೆಂದು ಇದರ ಅರ್ಥ.

ನಮ್ಮ ದೇಶದ ದಾರಿ ಬೇರೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ನಮ್ಮ ಕಾಯಿದೆ ಹುಟ್ಟಿದ್ದೂ 1960ರಲ್ಲಿಯೇ. ಸಾಕಿದ ಪ್ರಾಣಿ ಹಸಿವೆ ಬಾಯಾರಿಕೆಗಳಿಂದ ನರಳುವಂತೆ ಅದನ್ನು ಸಕಾರಣವಿಲ್ಲದೆ ತೊರೆಯುವುದು ಆ ಕಾಯಿದೆಯ ಪ್ರಕಾರ ಅಪರಾಧ. ಭಾರತೀಯ ಪ್ರಾಣಿಕಲ್ಯಾಣ ಮಂಡಲಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ನಿವಾಸಿಗಳ ಸಂಘ ಬಹುಮತದಿಂದ ಕೂಡ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ. ಗಾತ್ರ ಅಥವಾ ತಳಿಯ ನೆಪವೂ ಸಲ್ಲದು. ಆದರೆ ಅದೇ ಮಾರ್ಗಸೂಚಿ ಒಡೆಯರಿಗೂ ಬುದ್ಧಿ ಹೇಳಿದೆ: ಹೊರಗೆ ಹಗ್ಗ ಹಿಡಿದು ನಡೆಸಿರಿ, ಲಸಿಕೆ ಹಾಕಿಸಿರಿ, ಮಲಿನವಾದ ಸ್ಥಳವನ್ನು ಶುಚಿಗೊಳಿಸಿರಿ. ಹಕ್ಕನ್ನು ಮಾತ್ರ ಓದಿ ಈ ಭಾಗವನ್ನು ಮಡಿಚಿಡುವವರೇ ನೆರೆಹೊರೆಯ ಜಗಳಕ್ಕೆ ಬೀಜ ಹಾಕುತ್ತಾರೆ.

ಎರಡು ದೇಶಗಳ ನಿಯಮಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಮಾತು ತಿಳಿಯುತ್ತದೆ. ಒಂದು ಕಡೆ ಎಣಿಕೆ ಗಾತ್ರಗಳ ಕಟ್ಟು. ಇನ್ನೊಂದು ಕಡೆ ನಿಷೇಧವಿಲ್ಲದ ಸ್ವಾತಂತ್ರ್ಯ. ಎರಡೂ ಕಡೆ ಕೊನೆಗೆ ನಿಲ್ಲುವುದು ಒಡೆಯನ ನಡತೆಯ ಮೇಲೆಯೇ. ಆದುದರಿಂದ ಮನೆಗೆ ಮರಿಯನ್ನು ತರುವ ಮುಂಚೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ನಾನಿರುವ ಮನೆಯ ನಿಯಮವೇನು? ಮನೆಮಂದಿಯೆಲ್ಲ ಕೆಲಸಕ್ಕೆ ಹೋದಾಗ ಇದು ಯಾರ ಬಳಿ ಇರುತ್ತದೆ? ನಾಳೆ ವರ್ಗವಾಗಿ ಬೇರೆ ಊರಿಗೆ ಹೊರಟರೆ ಇದನ್ನೂ ಕರೆದೊಯ್ಯಬಲ್ಲೆನೆ? ನಾಯಿಯ ಆಯುಸ್ಸು ಹತ್ತು ಹದಿನೈದು ವರ್ಷ. ಮರಿಯ ಮುದ್ದುಮುಖ ಕಂಡು ತಂದು, ಸಂಘದ ನೋಟೀಸು ಬಂದೊಡನೆ ಊರಾಚೆ ಬಿಟ್ಟುಬಂದರೆ, ನೆರೆಯವರಿಗೆ ನಿದ್ರೆ ದೊರೆತೀತು. ಆ ಮೂಕಪ್ರಾಣಿಗೆ ಮಾತ್ರ ಮನೆಯೂ ಇಲ್ಲ, ಬೀದಿಯಲ್ಲಿ ಬದುಕುವ ವಿದ್ಯೆಯೂ ಇಲ್ಲ.